ಬಾಗಿಲು ಮೆತ್ತಗೆ ಹಾಕುವವರು

ಕಳೆದ ದಸರಾ ರಜೆಯ ಒಂದು ಮಧ್ಯಾಹ್ನ. ಮಗಳು ಪಕ್ಕದ ಮನೆಯ ಹುಡುಗಿಯನ್ನು ಕರೆದುಕೊಂಡು ಬಂದು ಮನೆಯಾಟ ಆಡುತ್ತಿದ್ದಳು. ಇಬ್ಬರಿಗೂ ಏಳು ವರ್ಷ. ಪಕ್ಕದ ಮನೆಯವಳು ಅಮ್ಮ, ನಮ್ಮವಳು ಅಪ್ಪ. ನಾನು ಅಲ್ಲೇ ಸೋಫಾದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಮಕ್ಕಳ ಲೆಕ್ಕದಲ್ಲಿ ನಾನು ಅಲ್ಲಿರಲಿಲ್ಲ. ಆಟದ ಒಲೆಯ ಮೇಲಿದ್ದ ಸಾರನ್ನು 'ಅಮ್ಮ' ಉಕ್ಕಿಸಿಬಿಟ್ಟಳು. 'ಅಪ್ಪ' ತುಟಿ ಬಿಗಿ ಹಿಡಿದು ಸ್ವಲ್ಪ ಹೊತ್ತು ನೆಲ ನೋಡಿದಳು. ಆಮೇಲೆ "ಪರವಾಗಿಲ್ಲ ಬಿಡು" ಅಂದಳು. ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಎಷ್ಟು ಮೆತ್ತಗೆ ಅಂದರೆ, ಹಿಡಿಕೆಯನ್ನು ಕೆಳಕ್ಕೆ ಒತ್ತಿ ಹಿಡಿದು, ಬಾಗಿಲು ಚೌಕಟ್ಟಿಗೆ ತಾಗಿದ ಮೇಲೆ ನಿಧಾನಕ್ಕೆ ಬಿಟ್ಟಳು. ಟಿಕ್ ಅನ್ನುವ ಸದ್ದೂ ಬರಲಿಲ್ಲ.

"ಯಾಕೆ ಒಳಗೆ ಹೋದೆ?" ಹೊರಗಿದ್ದವಳು ಕೇಳಿದಳು.

"ನಂಗೆ ಸಿಟ್ಟು ಬಂದಿದೆ."

"ಮತ್ತೆ ಬೈಬೇಕಲ್ವಾ?"

"ನಮ್ಮಪ್ಪ ಬೈಯಲ್ಲ. ಬಾಗಿಲು ಮೆತ್ತಗೆ ಹಾಕ್ತಾರೆ."

ಆಟ ಮುಂದುವರಿಯಿತು. ಬಾಗಿಲು ತೆಗೆದು ಬಂದ 'ಅಪ್ಪ' ಆಫೀಸಿಗೆ ಹೊರಟುಹೋದಳು. ನಾನು ಮಾತ್ರ ಸ್ಕ್ರೀನ್ ನೋಡುತ್ತಾ ಹಾಗೇ ಕೂತಿದ್ದೆ. ನಲವತ್ತೊಂದು ವರ್ಷದಿಂದ ನಾನು ನಂಬಿಕೊಂಡು ಬಂದ ಒಂದು ಸಂಗತಿ ಏನಂದರೆ, ನನಗೆ ಸಿಟ್ಟು ಬರುವುದಿಲ್ಲ ಅನ್ನುವುದು. ನಾನೊಬ್ಬನೇ ಅಲ್ಲ, ಎಲ್ಲರೂ ನಂಬಿದ್ದಾರೆ. ಊರಲ್ಲಿ ಕೇಳಿದರೆ "ಅವ ಪಾಪದವ" ಅನ್ನುತ್ತಾರೆ. ಆಫೀಸಿನಲ್ಲಿ ಯಾರದಾದರೂ ಜಗಳ ಬಿಡಿಸಬೇಕಾದರೆ ನನ್ನನ್ನೇ ಕರೆಯುತ್ತಾರೆ. ಮದುವೆ ಮಾತುಕತೆಯಲ್ಲಿ ನನ್ನ ಪರವಾಗಿ ಹೇಳಿದ ಮೊದಲ ಮಾತೇ "ಹುಡುಗ ಜೋರು ಮಾತಾಡಿದ್ದು ಇಲ್ಲ" ಎಂದು. ಆ ಮಾತಿನ ಮೇಲೆ ಒಂದು ಮದುವೆಯೇ ಆಗಿದೆ, ಯೋಚನೆ ಮಾಡಿ.

ರಾತ್ರಿ ಹೆಂಡತಿಗೆ ನಗುತ್ತಾ ಹೇಳಿದೆ, ನೋಡು ಮಗಳು ಹೀಗೆ ಅಂದಳು ಅಂತ. ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ನಗಲಿಲ್ಲ. "ನಿಮಗೆ ಇವತ್ತು ಗೊತ್ತಾಯ್ತಾ?" ಅಂದಳು. ಆಮೇಲೆ ಒಂದು ಟವೆಲ್ ಮಡಚಿ ಮುಗಿಸಿ, "ನೀವು ಕೂಗಿದ್ರೆ ನಾನೂ ಕೂಗಬಹುದು. ಪರವಾಗಿಲ್ಲ ಅಂದ್ರೆ ನಾನೇನು ಮಾಡ್ಲಿ? ಎರಡು ದಿನ ಮನೆ ಸೂತಕದ ಮನೆ ಥರ ಇರುತ್ತೆ" ಅಂದಳು.

ಅವಳು ಮಂಡ್ಯದ ಕಡೆಯವಳು. ಮದುವೆಯಾದ ಹೊಸತರಲ್ಲಿ ಅವರ ಮನೆಗೆ ಹೋದಾಗ ಅವಳ ಅಣ್ಣಂದಿರು ಪಂಪ್‌ಸೆಟ್ ವಿಷಯಕ್ಕೆ ಅಂಗಳದಲ್ಲಿ ನಿಂತು ಕೂಗಾಡಿದ್ದು ನೋಡಿ ನನ್ನ ಕೈಕಾಲು ತಣ್ಣಗಾಗಿತ್ತು. ಇವತ್ತು ಇಲ್ಲಿ ಹೆಣ ಬೀಳುತ್ತದೆ ಅಂದುಕೊಂಡಿದ್ದೆ. ಕಾಲು ಗಂಟೆ ಕಳೆದು ನೋಡಿದರೆ ಇಬ್ಬರೂ ಅಕ್ಕಪಕ್ಕ ಕೂತು ಮುದ್ದೆ ಮುರಿದು ಬಸ್ಸಾರಿಗೆ ಅದ್ದುತ್ತಿದ್ದರು. ಚಿಕ್ಕವನು ತನ್ನ ತಟ್ಟೆಯ ಮೆಣಸಿನಕಾಯಿಯನ್ನು ದೊಡ್ಡವನ ತಟ್ಟೆಗೆ ಹಾಕಿದ. ಇವರೆಂಥ ಒರಟು ಜನ ಎಂದು ಆಗ ನನಗೆ ಅನಿಸಿತ್ತು. ಅಷ್ಟು ಬೇಗ ಊಟಕ್ಕೆ ಕೂರುವುದು ನಮ್ಮ ಮನೆಯಲ್ಲಿ ಯಾರ ಕೈಲೂ ಆಗುತ್ತಿರಲಿಲ್ಲ ಅನ್ನುವುದು ಆಗ ಹೊಳೆಯಲಿಲ್ಲ.

ಹಸಿವಿಲ್ಲದ ಅಪ್ಪ

ನಮ್ಮದು ಪುತ್ತೂರಿನಿಂದ ಇನ್ನೂ ಒಳಗೆ, ಅಡಿಕೆ ತೋಟದ ಮನೆ. (ಮನೆಮಾತು ಹವಿಗನ್ನಡ, ಹವ್ಯಕರ ಕನ್ನಡ. ಎಲ್ಲರಿಗೂ ತಿಳಿಯಲಿ ಅಂತ ಇಲ್ಲಿ ಮಾತುಗಳನ್ನು ಪೇಟೆ ಕನ್ನಡಕ್ಕೆ ಹಾಕಿದ್ದೇನೆ. ಹಾಗೆ ಹಾಕುವಾಗ ಅಪ್ಪನ ದನಿ ಸ್ವಲ್ಪ ಬೇರೆಯವರ ದನಿಯಾಗುತ್ತದೆ, ಏನು ಮಾಡುವುದು.) ತೋಟದ ಮೇಲಿನ ಗುಡ್ಡದಲ್ಲಿ ಒಂದು ಸುರಂಗ ಇದೆ. ನಮ್ಮ ಕಡೆಯವರಿಗೆ ಗೊತ್ತು, ಗುಡ್ಡದ ಬದಿಗೆ ಅಡ್ಡಕ್ಕೆ ಕೊರೆದು ನೀರಿನ ಒಸರು ಹುಡುಕುವುದು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಕೆಳಗಿನ ಟಾಂಕಿಗೆ ಬೀಳುತ್ತದೆ. ಅಜ್ಜನ ಕಾಲದ್ದು. ಪಾಲಾದಾಗ ದೊಡ್ಡಪ್ಪನಿಗೆ ಒಂದು ದಿನ, ನಮಗೆ ಒಂದು ದಿನ ಎಂದು ಆಗಿತ್ತು.

ನನಗೆ ಹತ್ತು ವರ್ಷ ಇದ್ದಾಗ, ಒಂದು ಬೇಸಿಗೆಯಲ್ಲಿ, ದೊಡ್ಡಪ್ಪ ಬಂದು ಜಗಲಿಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಂಡು, ಈ ವರ್ಷ ನಮಗೆ ಎರಡು ದಿನ ಇರಲಿ, ನಿಮಗೆ ಒಂದು ದಿನ ಸಾಕಲ್ಲ, ಎಂದು ಹೇಳಿದರು. ಕೇಳಲಿಲ್ಲ, ಹೇಳಿದರು. ಏಪ್ರಿಲ್ ತಿಂಗಳು, ನಮ್ಮ ಕೆಳಗಿನ ಸಾಲಿನ ಮರಗಳು ಆಗಲೇ ಸೋಗೆ ಇಳಿಬಿಟ್ಟಿದ್ದವು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. "ಆಗಲಿ ಅಣ್ಣ" ಅಂದರು. ದೊಡ್ಡಪ್ಪ ಹೋದ ಮೇಲೆ ಕಾಲು ತೊಳೆದು ಒಳಗೆ ಬಂದರು. ಅಮ್ಮ ಎಲೆ ಹಾಕಿ ನೀರು ಚಿಮುಕಿಸಿದ್ದರು. "ನನಗೆ ಹಸಿವಿಲ್ಲ" ಅಂದರು ಅಪ್ಪ.

ಮೂರು ದಿನ ಅಪ್ಪನಿಗೆ ಹಸಿವಾಗಲಿಲ್ಲ. ಬೆಳಗ್ಗೆ ಒಂದು ಚೊಂಬು ಮಜ್ಜಿಗೆ ಕುಡಿದು ತೋಟಕ್ಕೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಯಾರನ್ನೂ ಬೈಯಲಿಲ್ಲ. ನನ್ನ ಹೋಂವರ್ಕ್ ಕೂಡ ನೋಡಿದರು, ತಪ್ಪಾದ ಲೆಕ್ಕವನ್ನು ತೋರಿಸಿಕೊಟ್ಟರು. ಆದರೆ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವ ಹಾಗಿರಲಿಲ್ಲ. ಅಪ್ಪ ಉಣ್ಣದೆ ಅಮ್ಮ ಉಣ್ಣುತ್ತಿರಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಅಮ್ಮ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿ, ಅದರ ಮೇಲೊಂದು ಲೋಟ ಕವುಚಿ ಹಾಕಿ, ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಓಡಿಹೋಗಿ ತೋಟದಲ್ಲಿ "ಅಪ್ಪಾ ಊಟಕ್ಕೆ" ಎಂದು ಕರೆದರೆ, "ನೀವು ಉಣ್ಣಿ" ಎಂದು ಅಷ್ಟೇ ಮೆತ್ತಗೆ ಹೇಳಿದರು.

ದೊಡ್ಡಪ್ಪ ಮಾತ್ರ ಆ ಮೂರು ದಿನವೂ ಎರಡು ಹೊತ್ತು ಸರಿಯಾಗಿ ಊಟ ಮಾಡಿರುತ್ತಾರೆ, ಅಲ್ವಾ? ನೀರು ತೆಗೆದುಕೊಂಡವರು ಅವರು. ಹಸಿದು ಕೂತವಳು ನಮ್ಮಮ್ಮ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಗಾದೆ ಇದೆಯಲ್ಲ, ಅದರಲ್ಲಿ ಕಡೇಪಕ್ಷ ಕೊತ್ತಿಗೆ ಬಿದ್ದ ಏಟು ಕಣ್ಣಿಗೆ ಕಾಣುತ್ತದೆ. ನಮ್ಮ ಮನೆಯಲ್ಲಿ ಏಟೇ ಬೀಳುತ್ತಿರಲಿಲ್ಲ. ಅದಕ್ಕೇ "ಅವರದ್ದು ಹಸುವಿನಂಥ ಸ್ವಭಾವ" ಎಂದು ಊರೆಲ್ಲ ಹೊಗಳುತ್ತಿತ್ತು, ಅಮ್ಮನೂ ಹೌದು ಹೌದು ಅನ್ನುತ್ತಿದ್ದಳು.

ವಿಚಿತ್ರ ಏನಂದರೆ ಇದೇ ಅಪ್ಪ ಮಳೆಗಾಲದ ಮೊದಲು ಬೋರ್ಡೋ ಮದ್ದು ಮಾಡುವುದರಲ್ಲಿ ಊರಿಗೇ ಹೆಸರುವಾಸಿ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಮದ್ದು. ಒಂದು ಕಿಲೋ ಮೈಲುತುತ್ತು (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಆಮೇಲೆ ಸೇರಿಸಬೇಕು. ಸೇರಿಸಿದ ಮೇಲೆ ಅಪ್ಪ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಕಾದು ತೆಗೆಯುತ್ತಿದ್ದರು. ಕತ್ತಿಯ ಮೇಲೆ ತಾಮ್ರದ ಕೆಂಪು ಕೂತಿದ್ದರೆ ತುತ್ತು ಜಾಸ್ತಿ ಉಳಿದಿದೆ ಅಂತ. ಇನ್ನಷ್ಟು ಸುಣ್ಣ ಹಾಕಿಸುವರು. "ಬರೀ ತುತ್ತು ಬಿಟ್ಟರೆ ಗೊನೆ ಸುಟ್ಟು ಹೋಗ್ತದೆ. ತುತ್ತು ಇಲ್ಲದಿದ್ದರೆ ಕೊಳೆ ಬಿಡುವುದಿಲ್ಲ" ಎಂದು ಆಳುಗಳಿಗೆ ಹೇಳುತ್ತಿದ್ದರು. ಬಕೆಟ್ಟಿನಲ್ಲಿದ್ದ ವಿಷದ ಅಳತೆ ಅಪ್ಪನಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ತನ್ನೊಳಗಿನ ತುತ್ತಿಗೆ ಯಾವ ಕತ್ತಿ ಅದ್ದಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನನಗೆ ಅಪ್ಪನೂ ಕಲಿಸಲಿಲ್ಲ. ಹಸಿವಿಲ್ಲ ಅನ್ನುವುದು ನನ್ನ ಕಾಲಕ್ಕೆ ಪರವಾಗಿಲ್ಲ ಎಂದಾಯಿತು, ಅಷ್ಟೇ.

ಮೈಸೂರಿಗೂ ಬಂದಿದ್ದ ಡಾಕ್ಟರು

ಇಂಥ ವಿಷಯ ಎತ್ತಿದರೆ ಕಾರ್ಲ್ ಯೂಂಗ್ ಹೆಸರು ಬರದೆ ಇರುವುದಿಲ್ಲ. 1875ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಮನೋವೈದ್ಯ. ನಾವು ನಮ್ಮದಲ್ಲ ಎಂದು ಹಿಂದಕ್ಕೆ ತಳ್ಳಿದ್ದಕ್ಕೆಲ್ಲ 'ನೆರಳು' ಎಂದು ಹೆಸರಿಟ್ಟವರು. ಲೋಕಕ್ಕೆ ತೋರಿಸುವ ಮುಖಕ್ಕೆ ಅವರು ಇಟ್ಟ ಹೆಸರು 'ಪರ್ಸೋನಾ'. ಹಳೇ ರೋಮಿನ ನಾಟಕದವರು ಹಾಕುತ್ತಿದ್ದ ಮುಖವಾಡದ ಹೆಸರು ಅದು. ಈಗ ಮೊಬೈಲ್ ತೆಗೆದರೆ ಇದೇ 'ಶ್ಯಾಡೋ ವರ್ಕ್' ಎಂದು ರೀಲ್ಸ್‌ನಲ್ಲಿ ಓಡುತ್ತಿದೆ. ಒಂದು ಡೈರಿ ಕೊಳ್ಳಿ, ದಿನಕ್ಕೊಂದು ಪ್ರಶ್ನೆಗೆ ಉತ್ತರ ಬರೆಯಿರಿ, ಮೂವತ್ತು ದಿನದಲ್ಲಿ ನಿಮ್ಮ ನೆರಳು ನಿಮ್ಮ ಗೆಳೆಯ. ನಾನೂ ಒಂದು ಡೈರಿ ತರಿಸಿದೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೆಯ ದಿನಕ್ಕೆ ನಾನು ಬರೆಯುತ್ತಿದ್ದುದು ನನ್ನ ನೆರಳಿನ ಬಗ್ಗೆ ಅಲ್ಲ, ನನ್ನ ಪ್ರಾಮಾಣಿಕತೆ ಎಷ್ಟು ಚೆನ್ನಾಗಿ ಕಾಣುತ್ತದೆ ಎಂಬುದರ ಬಗ್ಗೆ. ಮುಖವಾಡಕ್ಕೆ ಇನ್ನೊಂದು ಕೋಟ್ ಬಣ್ಣ. ಡೈರಿ ಈಗ ಮಗಳ ಹತ್ತಿರ ಇದೆ, ಅದರಲ್ಲಿ ಬೆಕ್ಕುಗಳ ಚಿತ್ರ ತುಂಬಿದೆ.

ಯೂಂಗ್ ತಮ್ಮ ಕಾಲೇಜು ದಿನಗಳ ಒಂದು ಕನಸು ಹೇಳಿಕೊಂಡಿದ್ದಾರೆ. ಅದು ನನಗೆ ಡೈರಿಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ರಾತ್ರಿ, ದಟ್ಟ ಮಂಜು, ಎದುರು ಗಾಳಿ. ಅವರ ಎರಡು ಅಂಗೈಗಳ ನಡುವೆ ಈಗಲೋ ಆಗಲೋ ಆರಿಹೋಗುವಂಥ ಸಣ್ಣ ದೀಪ. ಬೆನ್ನ ಹಿಂದೆ ಏನೋ ಬರುತ್ತಿದೆ ಅನಿಸಿ ತಿರುಗಿದರೆ ದೈತ್ಯನಂಥ ಕಪ್ಪು ಆಕಾರ. ಎಷ್ಟೇ ಹೆದರಿಕೆಯಾದರೂ ದೀಪ ಕಾಪಾಡಲೇಬೇಕು. ಎಚ್ಚರವಾದ ಮೇಲೆ ಅವರಿಗೆ ಹೊಳೆಯಿತು, ಆ ಆಕಾರ ಬೇರೆ ಯಾರೂ ಅಲ್ಲ, ಕೈಯಲ್ಲಿದ್ದ ದೀಪವೇ ಮಂಜಿನ ಮೇಲೆ ಚೆಲ್ಲಿದ ತಮ್ಮದೇ ನೆರಳು. ಕತ್ತಲಲ್ಲಿ ಸುಮ್ನೆ ನಡೆದಿದ್ದರೆ ಹಿಂದೆ ಯಾರೂ ಬರುತ್ತಿರಲಿಲ್ಲ. ನನ್ನ ಮಟ್ಟಿಗೆ ಹೇಳಬೇಕಂದರೆ, ಪಾಪದವ ಅನ್ನಿಸಿಕೊಂಡಷ್ಟೂ ಬಾಗಿಲ ಹಿಂದಿನವನು ಬೆಳೆಯುತ್ತಾ ಹೋದ.

ಈ ಯೂಂಗ್ ನಮ್ಮ ಮೈಸೂರಿಗೂ ಬಂದಿದ್ದರು. 1937ರ ಕೊನೆಗೆ ಸೈನ್ಸ್ ಕಾಂಗ್ರೆಸ್ಸಿನ ಇಪ್ಪತ್ತೈದನೆಯ ವರ್ಷದ ಸಮಾರಂಭಕ್ಕೆ ಭಾರತಕ್ಕೆ ಬಂದವರು, ಕಲ್ಕತ್ತದಲ್ಲಿ ಆಮಶಂಕೆಯಾಗಿ ಆಸ್ಪತ್ರೆ ಸೇರಿದವರು, ಮೈಸೂರು ಮಹಾರಾಜರ ಗುರುಗಳಾಗಿದ್ದ ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿ ಕೆಲವು ದಿನ ಇದ್ದವರು. ಆ ಪ್ರವಾಸದಲ್ಲಿ ಅವರನ್ನು ಕೆಣಕಿದ ಒಂದು ಮಾತು 'ನಿರ್ದ್ವಂದ್ವ'. ಒಳ್ಳೆಯದು ಕೆಟ್ಟದ್ದು ಎರಡನ್ನೂ ದಾಟಿ ಹೋಗುವುದು. ಭಾರತೀಯರಿಗೆ ಅದು ಬೇಕು, ನನಗೆ ಬೇಡ, ನನಗೆ ನನ್ನಿಂದಲೇ ಬಿಡುಗಡೆ ಬೇಡ ಎಂಬ ಅರ್ಥದ ಮಾತನ್ನು ಅವರು ಆಮೇಲೆ ಹೇಳಿಕೊಂಡಿದ್ದಾರೆ. ಅಯ್ಯರ್ ಅವರಿಗೆ ಇದು ಎಷ್ಟು ಒಪ್ಪಿಗೆಯಾಗುತ್ತಿತ್ತೋ. ನನಗಂತೂ ಒಪ್ಪಿಗೆಯಾಯಿತು, ಯಾಕೆಂದರೆ ದಾಟುವ ಮಾತಾಡುತ್ತಾ ನಾವು ಮಾಡುವುದು ಅಡಗಿಸುವ ಕೆಲಸ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರ ಎಂದು ಸಣ್ಣವನಿದ್ದಾಗ ಬಾಯಿಪಾಠ ಮಾಡಿದ್ದೆ. ಅರಿಷಡ್ವರ್ಗ. ಅರಿ ಅಂದರೆ ಶತ್ರು. ಶತ್ರು ಎಂದ ಮೇಲೆ ಅವನನ್ನು ಮನೆಯೊಳಗೆ ಇಟ್ಟುಕೊಂಡಿದ್ದೇವೆ ಎಂದು ಯಾರು ಬಾಯಿಬಿಟ್ಟು ಹೇಳುತ್ತಾರೆ?

ನೆರಳನ್ನು ಹಿಡಿಯಲು ಸುಲಭದ ದಾರಿ ನಮ್ಮನ್ನು ನೋಡಿಕೊಳ್ಳುವುದಲ್ಲ, ನಮಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂದು ನೋಡುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ನನ್ನ ಟೀಮಿನಲ್ಲಿ ಒಬ್ಬ ಇದ್ದಾನೆ. ಪ್ರತಿ ವರ್ಷ ಮಾರ್ಚ್ ಬಂತೆಂದರೆ ಮ್ಯಾನೇಜರ್ ಎದುರು ಕೂತು "ನನಗೆ ಈ ಸಲ ಇಷ್ಟು ಹೈಕ್ ಬೇಕು, ಇಲ್ಲಾಂದ್ರೆ ನಾನು ಬೇರೆ ಕಡೆ ನೋಡ್ತೀನಿ" ಎಂದು ನೇರ ಕೇಳುತ್ತಾನೆ. ಆಮೇಲೆ ಬಂದು ನಮ್ಮ ಜೊತೆ ಟೀ ಕುಡಿಯುತ್ತಾನೆ. ಅವನನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನಾಚಿಕೆಯಿಲ್ಲದವನು ಎಂದು ಮನೆಗೆ ಬಂದು ಎಷ್ಟೋ ಸಲ ಹೇಳಿದ್ದೇನೆ. ಅವನು ನನಗೆ ಏನೂ ಕೆಟ್ಟದ್ದು ಮಾಡಿಲ್ಲ. ಅವನು ಮಾಡಿದ್ದು ಇಷ್ಟೇ, ಬೇಕಾದ್ದನ್ನು ಬೇಕು ಅಂದ. ನಾನು ಹದಿನೈದು ವರ್ಷದಿಂದ "ನೀವೇ ನೋಡಿ ಕೊಡಿ ಸಾರ್" ಎಂದು, ಕೊಟ್ಟದ್ದು ಕಡಿಮೆಯಾದಾಗ ಪರವಾಗಿಲ್ಲ ಎಂದು, ಆಮೇಲೆ ಎರಡು ತಿಂಗಳು ಅವರ ಈಮೇಲಿಗೆ ಬೇಕೆಂದೇ ಒಂದು ದಿನ ತಡವಾಗಿ ಉತ್ತರ ಕೊಟ್ಟವನು. ನೆರಳಿನಲ್ಲಿ ಬರೀ ಕೊಳಕೇ ಇರುವುದಿಲ್ಲ, ಬಾಳಿಗೆ ಬೇಕಾದ ಗುಣಗಳೂ ಅಲ್ಲಿ ಸಿಕ್ಕಿಬಿದ್ದಿರುತ್ತವೆ ಎಂದು ಯೂಂಗ್ ಹೇಳಿದ್ದು ಇದಕ್ಕೇ ಇರಬೇಕು. ಸಿಟ್ಟನ್ನು ಒಳಗೆ ಹಾಕಿ ಬಾಗಿಲು ಹಾಕಿದಾಗ 'ನನಗೆ ಬೇಕು' ಅನ್ನುವ ಮಾತೂ ಅದರ ಜೊತೆ ಒಳಗೇ ಉಳಿಯಿತು.

ಚೌಕಿ

ಈ ಕಥೆಯನ್ನು ನಾನು ಯಾರಿಗೂ ಹೇಳಿದ್ದಿಲ್ಲ.

ಸುರಂಗದ ನೀರಿನ ಗಲಾಟೆಯಾದ ಮುಂದಿನ ವರ್ಷವೇ ಇರಬೇಕು, ನಮ್ಮೂರ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಬಯಲಾಟ. ದೇವಿ ಮಹಾತ್ಮೆ. ನಾವು ಮೂರ್ನಾಲ್ಕು ಹುಡುಗರು ಆಟ ಶುರುವಾಗುವ ಮೊದಲೇ ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ನುಗ್ಗಿದ್ದೆವು. ಸೋಗೆ ಮರೆಯ ಹಿಂದೆ, ಪೆಟ್ಟಿಗೆಗಳ ನಡುವೆ, ಒಬ್ಬೊಬ್ಬರು ಒಂದೊಂದು ಕನ್ನಡಿ ಹಿಡಿದು ಕೂತಿದ್ದರು. ಒಂದು ಬದಿಯಲ್ಲಿ ಬಣ್ಣದ ವೇಷದವರು. ಆವತ್ತಿನ ಮಹಿಷಾಸುರ. ಮುಖಕ್ಕೆ ಕಪ್ಪು, ಕೆಂಪು ಬರೆದು ಆಗಿತ್ತು. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿದ ಬಿಳಿಯನ್ನು ಸಣ್ಣ ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಒಂದರ ಪಕ್ಕ ಒಂದು ಚುಟ್ಟಿ ಇಡುತ್ತಿದ್ದರು. ಒಂದು ಇಡುವುದು, ಕನ್ನಡಿ ನೋಡುವುದು, ಇನ್ನೊಂದು ಇಡುವುದು. ಗಂಟೆಗಟ್ಟಲೆ. ಬಣ್ಣದ ವೇಷದವರ ಸಹನೆ ದೇವರ ವೇಷದವರಿಗೂ ಇರುವುದಿಲ್ಲ ಎಂದು ನನಗೆ ಈಗ ಅನಿಸುತ್ತದೆ.

ನಾನು ಹತ್ತಿರ ಹೋಗಿ, "ನಿಮಗೆ ನಿಮ್ಮ ಮುಖ ನೋಡಿ ಹೆದರಿಕೆ ಆಗುವುದಿಲ್ವಾ?" ಎಂದು ಕೇಳಿದೆ.

ಅವರು ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಬಾಯಿ ಅಲುಗದ ಹಾಗೆ, ತುಂಬ ಸಣ್ಣ ದನಿಯಲ್ಲಿ ಹೇಳಿದರು: "ಹೆದರಿದರೆ ಚುಟ್ಟಿ ಓರೆಯಾಗ್ತದೆ ಮಾರಾಯ."

ಆಮೇಲೆ ನಮ್ಮನ್ನು ಓಡಿಸಲಿಲ್ಲ. ಕುಡಿಯಲು ನೀರು ತಂದುಕೊಡಲು ಹೇಳಿದರು, ತಂದುಕೊಟ್ಟೆ. ಇನ್ನೊಬ್ಬ ಹುಡುಗ, "ಸಾಕಲ್ಲ ಇಷ್ಟೇ ಬಣ್ಣ, ಚೆನ್ನಾಗಿದೆ" ಅಂದ. ಅದಕ್ಕೆ ಅವರು, "ಅರ್ಧ ಬಣ್ಣ ಹಾಕಿದ ರಾಕ್ಷಸನನ್ನು ನೋಡಿ ಜನ ನಗಾಡ್ತಾರೆ" ಅಂದರು.

ನಡುರಾತ್ರಿ ದಾಟಿದ ಮೇಲೆ ಮಹಿಷ ಬಂದ. ರಂಗಸ್ಥಳದಿಂದಲ್ಲ, ಜನರ ಹಿಂದಿನಿಂದ, ಗದ್ದೆಯ ಕತ್ತಲಿನಿಂದ. ಎರಡೂ ಬದಿ ದೊಂದಿ. ರಾಳದ ಪುಡಿ ಎರಚಿದಾಗ ಬೆಂಕಿ ಭಗ್ಗೆಂದು ಮೇಲಕ್ಕೆ ಹಾರುವುದು. ಚೆಂಡೆಯ ಸದ್ದಿಗೆ ಎದೆ ಒಳಗಿನಿಂದ ಹೊಡೆದುಕೊಳ್ಳುತ್ತಿತ್ತು. ಕೊಂಬು ಕಟ್ಟಿಕೊಂಡ ಆ ಆಕಾರ ಆರ್ಭಟೆ ಕೊಡುತ್ತಾ ಜನರನ್ನು ಸೀಳಿಕೊಂಡು ಬಂತು. ಮಕ್ಕಳು ಕಿರುಚಿದವು, ನಾನೂ ಕಿರುಚಿದೆ. ಸಣ್ಣ ದನಿಯಲ್ಲಿ ನೀರು ಕೇಳಿದವರು ಇವರೇ ಎಂದು ಗೊತ್ತಿದ್ದೂ ಕಿರುಚಿದೆ. ಅಪ್ಪನನ್ನು ಹಿಡಿದುಕೊಳ್ಳೋಣ ಎಂದು ತಿರುಗಿದರೆ, ಅಪ್ಪ ನನ್ನ ಕಡೆ ನೋಡಲೇ ಇಲ್ಲ. ದೊಂದಿಯ ಬೆಳಕು ಅವರ ಮುಖದ ಮೇಲಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಬಲಗೈ ತೊಡೆಯ ಮೇಲೆ ಚೆಂಡೆಯ ಪೆಟ್ಟಿಗೆ ಸರಿಯಾಗಿ ಬೀಳುತ್ತಿತ್ತು. ಅಷ್ಟು ಖುಷಿಯಾಗಿದ್ದ ಅಪ್ಪನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಬೆಳಗ್ಗೆ ಮಂಗಳವಾದ ಮೇಲೆ ಮತ್ತೆ ಚೌಕಿಗೆ ಇಣುಕಿದೆ. ಮಹಿಷ ಕಾಲು ಚಾಚಿ ಕೂತು ತೆಂಗಿನೆಣ್ಣೆ ಹಚ್ಚಿ ಮುಖ ಉಜ್ಜುತ್ತಿದ್ದರು. ಕಪ್ಪು ಕೆಂಪು ಎಲ್ಲ ಕಲಸಿ ಕುತ್ತಿಗೆಗೆ ಇಳಿದಿತ್ತು. ಬಟ್ಟೆಯಲ್ಲಿ ಒರೆಸಿಕೊಂಡಾಗ ಒಳಗಿನಿಂದ ನಿದ್ದೆಗೆಟ್ಟ ಒಬ್ಬ ಸಾಧಾರಣ ಮನುಷ್ಯ ಬಂದರು. ಯಾರೋ ಚಾ ಕೊಟ್ಟರು, ಊದಿ ಊದಿ ಕುಡಿದರು.

ಇದಾಗಿ ಎರಡು ಮೂರು ದಿನ ಕಳೆದಿರಬೇಕು. ಬೆಳಗ್ಗೆ ಅಪ್ಪನನ್ನು ಕಾಫಿಗೆ ಕರೆಯಲು ತೋಟಕ್ಕೆ ಇಳಿದೆ. ಕೆಳಗಿನ ಸಾಲಿನ ಹತ್ತಿರ ಹೋಗುವಾಗ ಒಂದು ಕೂಗು ಕೇಳಿತು. ನನಗೆ ಕಾಲು ನಿಂತುಹೋಯಿತು. ಮರದ ಮರೆಯಿಂದ ನೋಡಿದೆ. ಅಪ್ಪ. ಸೊಂಟಕ್ಕೆ ಬೈರಾಸು ಬಿಗಿದು, ಕಾಲು ಅಗಲಿಸಿ, ಕೈಯಲ್ಲಿ ಕತ್ತಿ ಹಿಡಿದು ನಿಂತು, ಅಡಿಕೆ ಮರಗಳಿಗೆ ಆರ್ಭಟೆ ಕೊಡುತ್ತಿದ್ದರು. ಒಂದು ಸಲ ಅಲ್ಲ, ಮೂರು ಸಲ. ಕೊನೆಯದು ತುಂಬ ಉದ್ದ ಇತ್ತು. ಅದರ ಕೊನೆಗೆ ಅಪ್ಪನ ಕುತ್ತಿಗೆಯ ನರ ಉಬ್ಬಿದ್ದು ನನಗೆ ಅಷ್ಟು ದೂರದಿಂದ ಕಂಡಿತು. ದೊಡ್ಡಪ್ಪನ ತೋಟದ ಕಡೆಗೆ ಮುಖ ಮಾಡಿದ್ದರು ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಯಾವ ಕಡೆ ಮುಖ ಮಾಡಿದ್ದರು ಎಂದು ನನಗೆ ನಿಜಕ್ಕೂ ನೆನಪಿಲ್ಲ.

ಸದ್ದು ಮಾಡದೆ ಹಿಂದೆ ಬಂದೆ. ಮೇಲಿನ ಕಟ್ಟೆಯ ಹತ್ತಿರ ನಿಂತು, ಆಗಷ್ಟೇ ಬಂದವನ ಹಾಗೆ, ಜೋರಾಗಿ "ಅಪ್ಪಾ, ಕಾಫಿಗೆ" ಎಂದು ಕೂಗಿದೆ. ಕೆಳಗಿನಿಂದ ಯಾವತ್ತಿನ ದನಿಯಲ್ಲೇ "ಹೋ" ಎಂದು ಉತ್ತರ ಬಂತು. ಆವತ್ತು ಅಪ್ಪ ನಾಲ್ಕು ದೋಸೆ ತಿಂದರು.

ವಾಚ್‌ಮನ್

ಮಗಳ ಆಟ ನೋಡಿದ ಮೇಲೆ ನಾನೂ ಸುಮ್ಮನಿರಲಿಲ್ಲ. ಸಿಟ್ಟು ಬಂದಾಗ ಬಂದಿದೆ ಎಂದು ಹೇಳುವುದು ಅಂತ ತೀರ್ಮಾನ ಮಾಡಿದೆ. ಮೊದಲ ಪ್ರಯೋಗ ನಾಚಿಕೆಯಾಗುವಷ್ಟು ಸಣ್ಣದು. ನನ್ನ ಹಳೇ ಸ್ಟೀಲ್ ಲೋಟವನ್ನು ಹೆಂಡತಿ ಪಾತ್ರೆಯವನಿಗೆ ಹಾಕಿಬಿಟ್ಟಿದ್ದಳು. "ನನಗೆ ಸಿಟ್ಟು ಬಂದಿದೆ" ಅಂದೆ. ದನಿ ನಡುಗಿತು. ಅವಳು ಗ್ಯಾಸ್ ಸಣ್ಣ ಮಾಡಿ, ಸೊಂಟದ ಮೇಲೆ ಕೈಯಿಟ್ಟು, "ಸರಿ, ಹೇಳಿ" ಅಂದಳು. ನನಗೆ ಏನು ಹೇಳಬೇಕೆಂದೇ ತೋಚಲಿಲ್ಲ. ಇಷ್ಟು ವರ್ಷ ಮನಸ್ಸಿನಲ್ಲಿ ಎಷ್ಟೆಲ್ಲ ಭಾಷಣ ಮಾಡಿದ್ದೆ, ಅವಕಾಶ ಸಿಕ್ಕಾಗ "ಕೇಳಬೇಕಿತ್ತು ನನ್ನನ್ನ" ಎಂಬ ಎರಡು ಶಬ್ದ ಬಂತು. "ಹೌದು, ಕೇಳಬೇಕಿತ್ತು" ಅಂದಳು. ಮುಗಿಯಿತು. ನನಗೆ ಸ್ವಲ್ಪ ಮೋಸವಾದ ಹಾಗೂ ಅನಿಸಿತು.

ಎರಡನೆಯದು ಹೀಗಾಗಲಿಲ್ಲ. ಆಫೀಸಿನಲ್ಲಿ ಒಂದು ಮೀಟಿಂಗಿನಲ್ಲಿ ನನ್ನ ಕೆಲಸವನ್ನು ಇನ್ನೊಬ್ಬರು ತಮ್ಮದೆಂದು ತೋರಿಸಿಕೊಂಡರು. ನಾನು ಅಲ್ಲಿ ಬಾಯಿ ಬಿಡಲಿಲ್ಲ. ರಾತ್ರಿ ಅಪಾರ್ಟ್‌ಮೆಂಟಿಗೆ ಬಂದರೆ ನನ್ನ ಪಾರ್ಕಿಂಗ್ ಜಾಗದಲ್ಲಿ ಯಾರದೋ ಕಾರು. ವಾಚ್‌ಮನ್ ಓಡಿಬಂದರು. ಅವರಿಗೆ ಅರವತ್ತರ ಹತ್ತಿರ ವಯಸ್ಸು. ಅವರ ಮೇಲೆ ನಾನು ಕೂಗಿದೆ. ಏಕವಚನದಲ್ಲಿ. ಮೂರನೆಯ ಮಹಡಿಯಲ್ಲಿ ಒಬ್ಬರು ಬಾಲ್ಕನಿಗೆ ಬಂದು ನೋಡಿದರು. ಕೂಗುವಾಗ ಮೈಯೆಲ್ಲ ಹಗುರಾಗುತ್ತಿತ್ತು, ಅದನ್ನೂ ಹೇಳಬೇಕು. ಆಹಾ, ಕೊನೆಗೂ ಹೊರಗೆ ಬಂತಲ್ಲ ಅನಿಸಿತು. ಲಿಫ್ಟಿನಲ್ಲಿ ಮೇಲೆ ಬರುವಷ್ಟರಲ್ಲಿ ಆ ಹಗುರ ಇಳಿದುಹೋಯಿತು. ಆ ಕಾರು ತಂದಿಟ್ಟವರಿಗೆ ನಾನು ಏನಾದರೂ ಅಂದಿದ್ದೆನೇ? ಮೀಟಿಂಗಿನಲ್ಲಿದ್ದವರಿಗೆ? ನನ್ನ ನೆರಳು ಹೊರಗೆ ಬಂದಿದ್ದು ನಿಜ, ಆದರೆ ತಿರುಗಿ ಹೇಳಲಾರದವರನ್ನು ಹುಡುಕಿಕೊಂಡು ಬಂದಿತ್ತು. ಅಪ್ಪನ ಸಿಟ್ಟು ಅಮ್ಮನ ಅನ್ನದ ಪಾತ್ರೆಯ ಮೇಲೆ ಲೋಟ ಕವುಚಿದ ಹಾಗೆ.

ಬೆಳಗ್ಗೆ ಹೋಗಿ ತಪ್ಪಾಯಿತು ಎಂದು ಹೇಳಿದೆ. ಅವರು ಕುರ್ಚಿಯಿಂದ ಎದ್ದು ನಿಂತರು. "ಪರವಾಗಿಲ್ಲ ಬಿಡಿ ಸಾರ್" ಅಂದರು. ನಾನು ಕಾರು ಹೊರಗೆ ತೆಗೆದೆ. ನಮ್ಮ ಗೇಟು ಹಳೆಯದು, ಯಾವತ್ತೂ ಕಿರ್ರೆಂದು ಕೂಗಿ ಧಡ್ ಎಂದು ಬೀಳುವಂಥದ್ದು. ಕನ್ನಡಿಯಲ್ಲಿ ನೋಡಿದೆ. ಅವರು ಎರಡೂ ಕೈಯಲ್ಲಿ ಹಿಡಿದು, ನಿಧಾನಕ್ಕೆ ತಳ್ಳಿ, ಸದ್ದಾಗದ ಹಾಗೆ ಗೇಟು ಹಾಕಿದರು.

ಎಷ್ಟು ವರ್ಷದಿಂದ ಅವರಿಗೆ ಅದು ಅಭ್ಯಾಸವಾಗಿರಬಹುದು ಎಂದು ಆವತ್ತೆಲ್ಲ ಯೋಚಿಸಿದೆ. ನಾನು ಬಾಗಿಲು ಮೆತ್ತಗೆ ಹಾಕುವುದು ನನ್ನ ಒಳ್ಳೆಯತನಕ್ಕೆ. ಅವರು ಮೆತ್ತಗೆ ಹಾಕುವುದು ಕೆಲಸ ಉಳಿಯಲಿ ಅಂತ. ನೆರಳಿನ ಬಗ್ಗೆ ಬರೆಯುವವರು ಯಾಕೋ ಈ ವ್ಯತ್ಯಾಸವನ್ನು ಜಾಸ್ತಿ ಹೇಳುವುದಿಲ್ಲ. ಅಣ್ಣನ ಎದುರು ಕಂಬಕ್ಕೆ ಒರಗಿ ನಿಂತಿದ್ದ ಅಪ್ಪನದು ಇವೆರಡರಲ್ಲಿ ಯಾವುದೋ ನನಗೆ ಇನ್ನೂ ಬಗೆಹರಿದಿಲ್ಲ.

ಹೋದ ಭಾನುವಾರ ಅಪ್ಪನಿಗೆ ಫೋನ್ ಮಾಡಿದೆ. ಮಳೆ, ಅಡಿಕೆ ರೇಟು, ಮಂಗಗಳ ಉಪದ್ರ ಎಲ್ಲ ಮಾತಾಡಿ ಆಯಿತು. ಆಮೇಲೆ ಧೈರ್ಯ ಮಾಡಿ, "ಅಪ್ಪ, ನಾನು ಸಣ್ಣವನಿದ್ದಾಗ ಒಂದು ಸಲ ತೋಟದಲ್ಲಿ ನೀವು ಮಹಿಷಾಸುರನ ಹಾಗೆ ಕೂಗಿದ್ದು ನಾನು ನೋಡಿದ್ದೆ" ಅಂದೆ.

ಆ ಕಡೆ ಸದ್ದಿಲ್ಲ. ಲೈನ್ ಕಟ್ಟಾಯಿತೇನೋ ಎಂದು ಮೊಬೈಲ್ ನೋಡಿದೆ. ಇತ್ತು.

"ಯಾರು, ನಾನಾ?" ಅಂದರು. "ಇಲ್ಲಪ್ಪ. ಯಾರನ್ನೋ ನೋಡಿದ್ದು ನೀನು."

"ಇರಬಹುದು" ಅಂದೆ.

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಗಳದಲ್ಲಿ ಅಮ್ಮ ಯಾರನ್ನೋ ಕರೆಯುವುದು ಕೇಳುತ್ತಿತ್ತು. ಆಮೇಲೆ ಅಪ್ಪ ದನಿ ಸ್ವಲ್ಪ ತಗ್ಗಿಸಿ ಹೇಳಿದರು: "ಅದು ಗಂಟಲಿಂದ ಕೊಡುವುದಲ್ಲ ಮಗ. ಹೊಟ್ಟೆಯಿಂದ ಬರಬೇಕು. ಗಂಟಲಿಂದ ಕೊಟ್ಟರೆ ಮಾರನೆ ದಿನ ಸ್ವರ ಬಿದ್ದು ಹೋಗ್ತದೆ."

"ಹೌದಾ?" ಅಂದೆ.

"ಹ್ಞೂಂ. ನಿನ್ನ ಊಟ ಆಯ್ತಾ?"